ಕಿಟಕಿ ಮುಚ್ಚಿ ಕೂತ ಅಭಿಮಾನಿಗಳು

ಅಭಿಮಾನಿಗಳ ಜಗಳ ಮೊಬೈಲಿಗೆ ಇಳಿಯುವ ಮೊದಲು, ಮುಖಾಮುಖಿಯೇ ಆಗುತ್ತಿದ್ದ ಕಾಲ ಅದು. ಕುಂದಾಪುರದ ಕಡಲ ಬದಿಯ ನಮ್ಮ ಕೇರಿಯಲ್ಲಿ ಯಕ್ಷಗಾನದ ಆಟ ಮುಗಿದರೂ ವಾದ ಮುಗಿಯುತ್ತಿರಲಿಲ್ಲ. ನಮ್ಮದು ಒಬ್ಬ ವೇಷಧಾರಿಯ ಅಭಿಮಾನಿ ಬಳಗ. ನಮ್ಮೂರು, ಬಸ್ರೂರು, ವಂಡ್ಸೆಯವರು ಸೇರಿ ವರ್ಷಕ್ಕೊಂದು ಆಟ ಆಡಿಸಲು ಕಟ್ಟಿದ್ದು. ಎಲ್ಲಿ ಆಡಿಸುವುದು ಎನ್ನುವಲ್ಲಿ ಬಳಗ ಒಡೆಯುವ ಹಾಗಾಯಿತು. ತಲೆ ಎಣಿಸಿದರೆ ಯಾವಾಗಲೂ ಜನ ಹೆಚ್ಚಿದ್ದ ನಮ್ಮೂರಿನವರೇ ಗೆಲ್ಲುತ್ತಿದ್ದರು; ವಂಡ್ಸೆಯವರು ಊರಿಗೊಂದೇ ಓಟು ಅನ್ನುತ್ತಿದ್ದರು.

ಆ ಬೇಸಿಗೆ ನನ್ನ ಅಕ್ಕ ಗಿರಿಜೆ ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ನಮ್ಮಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಆ ವೇಷಧಾರಿಯ ಮಾತುಗಳೆಲ್ಲ ಅವಳಿಗೆ ಬಾಯಿಪಾಠ. ಬಳಗದಲ್ಲಿ ತನಗೂ ಒಂದು ಓಟು ಬೇಕೆನ್ನುವುದು ಅವಳ ದೊಡ್ಡ ಆಸೆ. ಅಮೆರಿಕದವರು ರಾಜ್ಯಾಂಗ ಬರೆಯುವಾಗಲೂ ದೊಡ್ಡ ರಾಜ್ಯ, ಸಣ್ಣ ರಾಜ್ಯ ಎಂದು ಇದೇ ತಕರಾರು ಬಂದಿತ್ತು, ಸಭೆಗೆ ಕರೆದರೆ ದಾರಿ ಹೇಳುತ್ತೇನೆ ಎಂದು ಅಪ್ಪಯ್ಯನ ಬೆನ್ನು ಬಿದ್ದಳು.

ಅಪ್ಪಯ್ಯ ಕೊನೆಗೆ ಒಪ್ಪಿದರು. ಸಭೆ ಬಲೆ ಇಡುವ ಶೆಡ್ಡಿನಲ್ಲಿ; ಅಕ್ಕನ ಜೊತೆ ನಾನೂ ಹೋದೆ. ಗುಟ್ಟು ಹೊರಗೆ ಹೋಗಬಾರದೆಂದು ಆ ಅಮೆರಿಕದವರು ಬೇಸಿಗೆಯಲ್ಲೂ ಕಿಟಕಿ ಮುಚ್ಚಿ ಕೂತಿದ್ದರಂತೆ ಎಂದು ಅಕ್ಕ ಹೇಳಿದ್ದೇ ತಡ, ನಮ್ಮವರೂ ಮುಚ್ಚಿದರು. ಇನ್ನೊಬ್ಬ ವೇಷಧಾರಿಯ ಕಡೆಯ ಎದುರು ಬಳಗದವರು ಕೇಳಿಸಿಕೊಳ್ಳಬಾರದಲ್ಲ. ಒಣಮೀನಿನ ವಾಸನೆ, ಗೋಲಿಬಜೆಯ ಎಣ್ಣೆ, ಬೆವರು ಸೇರಿ ಉಸಿರು ಕಟ್ಟುತ್ತಿತ್ತು. ಅಮೆರಿಕದ ಎರಡು ಸದನಗಳ ಹಾಗೆ ಎರಡು ಸಲ ಓಟು ಹಾಕಿ, ಒಮ್ಮೆ ತಲೆಗೊಂದು, ಒಮ್ಮೆ ಊರಿಗೊಂದು, ಎರಡರಲ್ಲೂ ಗೆದ್ದದ್ದೇ ತೀರ್ಮಾನ ಎಂದಳು ಅಕ್ಕ. ವಂಡ್ಸೆಯವರ ಮುಖ ಅರಳಿತು. ಆ ದೇಶದ ಮೊದಲ ಅಧ್ಯಕ್ಷ ಎರಡು ಅವಧಿ ಮುಗಿಸಿ ತಾನಾಗಿ ಕುರ್ಚಿ ಬಿಟ್ಟ ಕತೆಯನ್ನೂ ಹೇಳಿದಳು.

ಬಸ್ರೂರಿನ ಸೈಕಲ್ ಅಂಗಡಿಯ ಶೀನಣ್ಣ ತಿನ್ನುತ್ತಿದ್ದ ಬಜೆಯನ್ನು ಅರ್ಧಕ್ಕೇ ನಿಲ್ಲಿಸಿದರು. "ಯಾರೂ ಎಬ್ಬಿಸ್ದೆ ಅವ್ನೇ ಎದ್ದ್ ಹೋದ್ನಾ? ಹ್ವಾಯ್, ಅಂಥವ್ರ್ ನಮ್ ಪಂಚಾಯ್ತಿಗೆ ಆಪ್ದಲ್ಲ."

ನಗು ಇಳಿಯುವಷ್ಟರಲ್ಲಿ ಅಕ್ಕ ಕೇಳಿಯೇ ಬಿಟ್ಟಳು. "ನಂಗೂ ಒಂದ್ ಓಟ್ ಕೊಡ್ತ್ರ್ಯಾ?"

ಶೀನಣ್ಣ ಕೆಟ್ಟವರಲ್ಲ. ನಗುತ್ತಲೇ ಅಕ್ಕನನ್ನು ಕೇಳಿದರು, "ಅಲ್ದ್ ಹೆಣೆ, ಆ ಅಮೆರಿಕದ ಸಭೆಲಿ ಹೆಂಗ್ಸ್ರ್ ಇದ್ದಿದ್ರಾ?"

ಇದ್ದರು ಎಂದರೂ ಆಗುತ್ತಿತ್ತು. ಆ ಪಾಠ ಓದಿದವರು ಅಲ್ಲಿ ಬೇರಾರೂ ಇರಲಿಲ್ಲ. ಅಕ್ಕ ಅಪ್ಪಯ್ಯನ ಮುಖ ನೋಡಿದಳು. ಅಪ್ಪಯ್ಯ ಬಲೆಯ ಕಣ್ಣಿಗೆ ಬೆರಳು ತೂರಿಸಿ ತಲೆ ತಗ್ಗಿಸಿದ್ದರು.

"ಇರ್ಲಿಲ್ಲ" ಎಂದಳು.

"ಮತ್ತೆಂತ" ಎಂದರು ಯಾರೋ. ಎಲ್ಲರೂ ಕೈ ಎತ್ತಿ ಅವಳ ನಿಯಮ ಒಪ್ಪಿದರು. ಅವಳ ಕೈ ಮಡಿಲಲ್ಲೇ ಇತ್ತು. ಆಮೇಲೆ ತಾನೇ ಎದ್ದು ಹೋಗಿ ಕಿಟಕಿ ತೆಗೆದಳು. "ಎಲ್ಲ ಆಯ್ತಲ, ಇನ್ ಗಾಳಿ ಬರ್ಲಿ."

ಬಳಗ ಒಡೆಯಲಿಲ್ಲ. ಊರಿನ ಓಟಿನಲ್ಲಿ ನಾವು ಸೋತೆವು; ತಲೆಯ ಓಟಿನಲ್ಲಿ ನಮ್ಮವರಲ್ಲೇ ಕೆಲವರು ಬಿಟ್ಟುಕೊಟ್ಟು, ಆ ವರ್ಷದ ಆಟ ವಂಡ್ಸೆಯಲ್ಲೇ ಆಯಿತು. ಟೆಂಪೋದಲ್ಲಿ ಹಾಡಿಕೊಂಡು ಹೋದೆವು, ಅಕ್ಕ ಬರಲಿಲ್ಲ. ಮುಂದಿನ ಬೇಸಿಗೆಗೆ ಬಾರ್ಕೂರಿಗೆ ಮದುವೆಯಾಗಿ ಹೋದಳು. ಅವಳ ಪಿಯುಸಿ ಪುಸ್ತಕ ಓದಿ, ಮುಂದೆ ನಾನು ಪದವಿಯನ್ನೂ ಮುಗಿಸಿದೆ. ನಮ್ಮ ಮನೆಯ ಮೊದಲ ಪದವೀಧರೆ ನಾನು. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಗಬೇಕಿದ್ದವಳು ಅವಳು ಎನ್ನಲೂ ಸಂಕೋಚವಿಲ್ಲ.

ಈಗ ಬಳಗವೆಂದರೆ ವಾಟ್ಸಾಪ್ ಗುಂಪು. ಹೆಂಗಸರಿಗೂ ಓಟುಂಟು. ಮೊನ್ನೆ ಹೊಸಬನೊಬ್ಬ ಕೇಳಿದ, ಈ ಎರಡು ಸಲದ ಓಟು ಯಾರು ಮಾಡಿದ್ದು ಅಂತ. ಹಿರಿಯರು ಮಾಡಿಟ್ಟದ್ದು ಎಂದು ಯಾರೋ ಬರೆದರು. ಹಿರಿಯರಲ್ಲ, ನನ್ನ ಅಕ್ಕ ಗಿರಿಜೆ, ಆಗವಳಿಗೆ ಹದಿನೇಳು ಎಂದು ನಾನು ಬರೆದೆ. ಅಕ್ಕ ತೀರಿಹೋದದ್ದು ಗೊತ್ತಿದ್ದವರು ಕೈಮುಗಿಯುವ ಚಿತ್ರ ಹಾಕಿದರು. ಒಂದರ ಕೆಳಗೊಂದು ಬರುತ್ತಲೇ ಇದ್ದವು. ಇಷ್ಟು ಕೈಗಳಲ್ಲಿ ಒಂದಾದರೂ ಆ ದಿನ ಶೆಡ್ಡಿನಲ್ಲಿ ಅವಳ ಪರವಾಗಿ ಎದ್ದಿದ್ದರೆ ಅನ್ನಿಸಿತು. ಅಪ್ಪಯ್ಯನದಾದರೂ.