ಧರ್ಮಪ್ಪನ ಗಾಡಿಯ ಎಳೆತ ಹೋದದ್ದು

ಕಾಗದನಗರದ ನಮ್ಮ ಸಾಲಿನ ಕ್ವಾರ್ಟರ್ಸ್‌ನಲ್ಲಿ ಒಂದು ಮಾತಿತ್ತು: ಧರ್ಮಪ್ಪ ಬಾನೆಟ್ ಮೇಲೆ ಅಂಗೈ ಇಟ್ಟರೆ ಸಾಕು, ಎಂಜಿನ್ನು ತನ್ನ ಕಾಯಿಲೆ ತಾನೇ ಹೇಳಿಕೊಳ್ಳುತ್ತೆ ಅಂತ. ಇನ್ನೊಂದು ಮಾತನ್ನು ಅವನಿಲ್ಲದಾಗ ಆಡಿಕೊಳ್ಳುತ್ತಿದ್ದೆವು: ನನಗೆ ತಿಳೀಲಿಲ್ಲ ಅನ್ನೋದು ಆ ಮನುಷ್ಯನ ಬಾಯಲ್ಲಿ ಬರೋದಿಲ್ಲ. ಎರಡೂ ನಿಜವೇ.

ಕಾಗದದ ಕಾರ್ಖಾನೆಯ ಬಾಯ್ಲರಿನಲ್ಲಿ ಫಿಟ್ಟರ್ ಆಗಿದ್ದವನು. ಕಾರ್ಖಾನೆ ನಿಂತ ಮೇಲೆ ಜೊತೆಯವರಲ್ಲಿ ಬಹಳ ಮಂದಿ ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ಇವನು ಮನೆ ಮುಂದಿನ ಹೊಂಗೆ ಮರದಡಿ ಒಂದು ಕಬ್ಬಿಣದ ಮೇಜು ಹಾಕಿ ಕಾರು ರಿಪೇರಿಗೆ ಕೂತ. "ಜನ ನನ್ನ ಹುಡುಕ್ಕೊಂಡು ಇಲ್ಲಿಗೆ ಬರ್ತಾರೆ. ಇಲ್ಲಿಂದ ಎದ್ರೆ ನಾನ್ಯಾರು?" ಅನ್ನುತ್ತಿದ್ದ.

ಹೆಂಡತಿ ಸುವರ್ಣಮ್ಮನಿಗೆ ಕಿಡ್ನಿ ಕೈಕೊಟ್ಟಾಗಲೂ ಅವನು ಅಲ್ಲಿಂದ ಏಳಲಿಲ್ಲ. ವಾರಕ್ಕೆ ಮೂರು ಸಲ ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು, ತಡವಾದರೆ ಆ ಮೆಷಿನ್ನಿಗೆ ಇನ್ನೊಬ್ಬರು. ತನ್ನ ಇಪ್ಪತ್ತೈದು ವರ್ಷದ ಬಿಳಿ ಕಾರಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದ. ಎರಡು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಹೋದ ವರ್ಷ ಆಯುಧಪೂಜೆ ಕಳೆದ ವಾರ ಗಾಡಿಯ ಎಳೆತ ಹೋಯಿತು. ಮನೆ ಮುಂದೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಮಲಗಿದ ಕೂಸಿನ ಉಸಿರಿನ ಹಾಗೆ ಸದ್ದು. ರಸ್ತೆಗಿಳಿದು ಆಕ್ಸಿಲರೇಟರ್ ಒತ್ತಿದರೆ ಮಾತ್ರ ತಿಣುಕುತ್ತಿತ್ತು. ರೈಲ್ವೆ ಮೇಲ್ಸೇತುವೆಯ ಏರಿಗೆ ಎರಡನೇ ಗೇರಿನಲ್ಲೂ ಒಲ್ಲೆ ಅನ್ನುತ್ತಿತ್ತು.

ಧರ್ಮಪ್ಪ ಪ್ಲಗ್ಗುಗಳನ್ನು ಬಿಚ್ಚಿದ. ಮಸಿ ಹಿಡಿದು ಕಪ್ಪಾಗಿದ್ದವು. ಅಂದರೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದ. ಹೊಸದು, ಬೆಳಕು ಆಚೆಯಿಂದ ತೂರಿ ಬಂತು. ಹಾಗಾದರೆ ಗಾಳಿಯದ್ದಲ್ಲ, ಪೆಟ್ರೋಲಿನದ್ದೇ ಅಂತ ತೀರ್ಮಾನ ಮಾಡಿಬಿಟ್ಟ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಜೋಡಿಸಿದ. ಮರುದಿನ ಮತ್ತೆ ಬಿಚ್ಚಿದ.

ಪಕ್ಕದ ಮನೆಯ ಹಿರಿಯಣ್ಣ, ಇವನ ಜೊತೆಯೇ ಬಾಯ್ಲರಿನಲ್ಲಿದ್ದವನು, ಕಾಂಪೌಂಡಿಗೆ ಒರಗಿ ಕೆಣಕಿದ.

"ಏನ್ ಮಾರಾಯ, ಊರ ಗಾಡಿಗೆಲ್ಲ ಡಾಕ್ಟ್ರು, ಮನೆ ಗಾಡಿಗೆ ಕಾಂಪೌಂಡರ್ರಾ? ಶಿವಮೊಗ್ಗದಲ್ಲಿ ಯಾರಿಗಾದ್ರೂ ತೋರ್ಸು."

"ನನ್ನ ಗಾಡೀನ ಇನ್ನೊಬ್ಬ ಮುಟ್ಟೋದಾ?"

"ಹಂಗಾದ್ರೆ ನನ್ನ ಗಾಡಿ ತಗೊಂಡ್ ಹೋಗು."

"ಬೇಡ. ನಾಳೆ ಸರಿಯಾಗುತ್ತೆ."

ಸರಿಯಾಗಲಿಲ್ಲ. ಆ ಗುರುವಾರ ಅವರು ಆಸ್ಪತ್ರೆ ಮುಟ್ಟಿದಾಗ ಎಂಟಾಗಿತ್ತು. ಮೆಷಿನ್ನಿಗೆ ಬೇರೆಯವರನ್ನು ಹಾಕಿಯಾಗಿತ್ತು. ಸಂಜೆ ಒಂದು ಖಾಲಿಯಾಗುವ ತನಕ ಸುವರ್ಣಮ್ಮ ಬೆಂಚಿನ ಮೇಲೆ ಕೂತೇ ಇದ್ದಳು, ಒರಗಿದರೆ ಉಸಿರು ಕಟ್ಟುತ್ತಿತ್ತು. ಧರ್ಮಪ್ಪ ಅವಳ ಊದಿದ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದನಂತೆ. ಅವಳೇ ಆಮೇಲೆ ನಮಗೆ ಹೇಳಿದ್ದು.

ಶುಕ್ರವಾರ ಬೆಳಗಾಗುತ್ತಲೇ ಅವನೇ ಹೋಗಿ ಹಿರಿಯಣ್ಣನ ಬಾಗಿಲು ತಟ್ಟಿದ. "ಬಾರೋ. ನನಗೆ ಸಿಗ್ತಿಲ್ಲ."

ಹಿರಿಯಣ್ಣ ಆಗ ಕೆಣಕಲಿಲ್ಲ. ಕಪ್ಪಾದ ಪ್ಲಗ್ಗನ್ನು ಬೆರಳಲ್ಲಿ ಉಜ್ಜಿ ನೋಡಿದ. "ಬಾಯ್ಲರ್ ಕರೀ ಹೊಗೆ ಬಿಟ್ಟಾಗ ನಾವೇನ್ ಮಾಡ್ತಿದ್ವಿ? ಗಾಳಿ ಬರೋ ದಾರೀನ ಮೊದಲಿಂದ ಕೊನೇ ತನಕ ನಡೆದು ನೋಡ್ತಿದ್ವಿ."

"ಫಿಲ್ಟರ್ ನೋಡಿದೀನಲ್ಲ."

"ಫಿಲ್ಟರ್ ಮನೆ ಬಾಗಿಲು. ಬೀದಿ ನೋಡಿದ್ಯಾ?"

ಫಿಲ್ಟರಿನ ಮುಚ್ಚಳವನ್ನೇ ತೆಗೆದಿಟ್ಟು ಗಾಡಿ ಹೊರಡಿಸಿದರು. ಮೇಲ್ಸೇತುವೆಯನ್ನು ಮೂರನೇ ಗೇರಿನಲ್ಲಿ ಹತ್ತಿತು. ಅಲ್ಲಿಗೆ ಗೊತ್ತಾಯಿತು: ತೊಂದರೆ ಫಿಲ್ಟರಿಗಿಂತ ಮುಂಚೆಯೇ ಇದೆ, ಹೊರಗಿನ ಗಾಳಿ ಎಳೆದುಕೊಳ್ಳುವ ಕೊಳವೆಯಲ್ಲಿ. ಮನೆಗೆ ಬಂದು ಧರ್ಮಪ್ಪ ಅದರೊಳಗೆ ಬೆರಳು ತೂರಿಸಿದ. ಅರಿಶಿನದ ಬಟ್ಟೆಯ ಗಂಟೊಂದು ಬಂತು. ಒಳಗೆ ಒಂದು ರೂಪಾಯಿ, ನಾಲ್ಕು ಕಾಳು ಅಕ್ಕಿ. ಗಾಡಿ ನಿಂತಾಗ ಅದು ಸಡಿಲವಾಗಿ ಬಿದ್ದಿರುತ್ತಿತ್ತು. ಎಂಜಿನ್ನು ಜೋರಾಗಿ ಗಾಳಿ ಎಳೆದಾಗ ಕೊಳವೆ ಕಿರಿದಾಗುವ ಕಡೆ ಹೋಗಿ ಕಚ್ಚಿಕೊಳ್ಳುತ್ತಿತ್ತು.

ಸುವರ್ಣಮ್ಮ ಹೊಸ್ತಿಲಲ್ಲಿ ನಿಂತಿದ್ದಳು. "ನಾನೇರೀ ಇಟ್ಟಿದ್ದು. ಹಣಗೆರೆ ಭೂತರಾಯನಿಗೆ ಮುಡಿಪು. ಎದುರಿಗೆ ಕಟ್ಟಿದ್ರೆ ನೀವು ಕಿತ್ತು ಬಿಸಾಕ್ತಿದ್ರಿ, ಎಂಜಿನ್ ಬಿಸಿಗೆ ಬಟ್ಟೆ ಇಡಬಾರ್ದು ಅಂತ. ಪೂಜೆ ದಿನ ನೀವು ಸ್ನಾನಕ್ಕೆ ಹೋದಾಗ ಆ ತೂತಿಗೆ ತುರುಕಿದೆ."

ಹಿರಿಯಣ್ಣ ಹೊಟ್ಟೆ ಹಿಡಿದು ನಕ್ಕ. ಧರ್ಮಪ್ಪ ನಗಲಿಲ್ಲ.

"ಏನಂತ ಹರಸ್ಕೊಂಡೆ?"

"ದಾರೀಲಿ ಜೀವ ಹೋಗೋದು ಬೇಡ ಅಂತ. ಮಾಚೇನಹಳ್ಳಿ ದಾಟೋವಾಗೆಲ್ಲ ಅನ್ಸುತ್ತೆ. ಇಲ್ಲೇ ಏನಾದ್ರೂ ಆದ್ರೆ ನೀವೊಬ್ರೇ ರಸ್ತೆ ಬದೀಲಿ ನನ್ನ ಇಟ್ಕೊಂಡು ಏನ್ ಮಾಡ್ತೀರಿ ಅಂತ."

"ಯಾವಾಗಿಂದ?"

"ಮೊದಲ್ನೇ ದಿನದಿಂದ."

"ಬಾಯಿಬಿಟ್ಟು ಹೇಳೋಕೇನಾಗಿತ್ತೇ?"

"ಹೇಳಿದ್ರೆ ಈ ಮನೆ ಬಿಡೋ ಮಾತು ಬರ್ತಿತ್ತು. ನೀವು ಬಿಡ್ತಿದ್ರಾ?"

ಹಿರಿಯಣ್ಣ ನಗು ನಿಲ್ಲಿಸಿ ತನ್ನ ಮನೆ ಕಡೆ ನಡೆದ.

ಶನಿವಾರ ಗಾಡಿ ಮೊದಲಿನಂತೆ ಎಳೆಯಿತು, ಏಳಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ಆಸ್ಪತ್ರೆ ಬಂತು. ಆದರೆ ಮಾಚೇನಹಳ್ಳಿ ಹತ್ತಿರ ಅವನು ಒಮ್ಮೆ ಪಕ್ಕಕ್ಕೆ ತಿರುಗಿದ್ದ. ಸುವರ್ಣಮ್ಮ ಬಾಗಿಲ ಹಿಡಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಎರಡು ವರ್ಷ ಅವನ ಕಿವಿ ಎಂಜಿನ್ನಿನ ಮೇಲೇ ಇತ್ತು, ಆ ಕೈ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಅವಳನ್ನು ಮೆಷಿನ್ನಿಗೆ ಬಿಟ್ಟು, ಅವತ್ತೇ ಶಿವಮೊಗ್ಗದ ಕೋಟೆ ಕಡೆ ಹೋಗಿ ಎರಡು ಕೋಣೆಯ ಬಾಡಿಗೆ ಮನೆ ನೋಡಿದ. ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ಅಲ್ಲಿ ಮರವೂ ಇಲ್ಲ, ಮೇಜು ಹಾಕಲು ಜಾಗವೂ ಇಲ್ಲ. ಇನ್ನೊಬ್ಬರ ಗ್ಯಾರೇಜಿನಲ್ಲಿ ಕೆಲಸಕ್ಕೆ ಬರ್ತೀನಿ ಅಂತ ಒಪ್ಪಿಕೊಂಡು ಬಂದ.

ಹೊರಡುವ ದಿನ ಹಿರಿಯಣ್ಣ ಕೇಳಿದ: "ನಿನ್ನ ಹುಡುಕ್ಕೊಂಡು ಬಂದೋರಿಗೆ ಏನ್ ಹೇಳ್ಲಿ ಮಾರಾಯ?"

"ನೀನೇ ನೋಡಿ ಕಳ್ಸು. ನನಗೆ ಸಿಗದಿದ್ದು ನಿನಗೆ ಸಿಗ್ತಲ್ಲ."

ಅದು ಭಾನುವಾರ, ಆಸ್ಪತ್ರೆಯ ದಿನವಲ್ಲ, ಏಳು ಗಂಟೆಯ ಅವಸರವಿರಲಿಲ್ಲ. ಸುವರ್ಣಮ್ಮ ಆಗಲೇ ಕಾರಿನಲ್ಲಿ ಕೂತಿದ್ದಳು. ಧರ್ಮಪ್ಪ ಒಬ್ಬನೇ ಒಳಗೆ ಹೋಗಿ ಮೆಯಿನ್ ಸ್ವಿಚ್ ಆರಿಸಿದ, ಹಿತ್ತಲ ಬಾಗಿಲಿನ ಚಿಲಕ ಎಳೆದು ನೋಡಿದ. ಮುಂಬಾಗಿಲಿಗೆ ಬೀಗ ಹಾಕಿ, ಬೀಗದಕೈಯನ್ನು ಹಿರಿಯಣ್ಣನಿಗೆ ಕೊಟ್ಟು, ಮೆಟ್ಟಿಲಿಳಿದ.