ಸರೋಜಕ್ಕನ ಪಾಲಿನ ಐದು ಪದ

ದೆವ್ವ, ಭೂತ, ಮೈಮೇಲೆ ಬರುವುದು, ಕನಸಿನಲ್ಲಿ ಕಂಡದ್ದು ನಿಜವಾಗುವುದು, ಇಂಥ ಮಾತುಗಳನ್ನು ನಾನು ಚಿಕ್ಕಂದಿನಿಂದಲೂ ನಂಬಿದವಳಲ್ಲ. ನಂಬದಿರುವುದು ನನ್ನ ಮಟ್ಟಿಗೆ ಒಂದು ಹಟವೂ ಆಗಿತ್ತು. ನಮ್ಮದು ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆ. ಅಪ್ಪ ಗೋಡೌನಿನಲ್ಲಿ ಕಾಫಿ ಮೂಟೆ ಹೊರುತ್ತಿದ್ದ, ಅಮ್ಮ ಹಣ್ಣು ಕುಯ್ಯುತ್ತಿದ್ದಳು. ನಮ್ಮ ಕಡೆಯಲ್ಲಿ ಡಿಗ್ರಿ ಅಂತ ಮುಗಿಸಿದವಳು ನಾನೇ ಮೊದಲು. ಹಾಸ್ಟೆಲಿನ ಅನ್ನ ತಿಂದು, ರಜೆಯಲ್ಲಿ ತೋಟಕ್ಕೆ ಬಂದು ಅಮ್ಮನ ಜೊತೆ ಕೂಲಿ ಮಾಡಿ, ಕಂಪ್ಯೂಟರ್ ಓದಿ ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ. ಕಾರಣ ಕೇಳದೆ ಏನನ್ನೂ ಒಪ್ಪಬಾರದು ಎಂದು ಕಲಿಯುವುದಕ್ಕೆ ಅಷ್ಟು ಕಷ್ಟಪಟ್ಟವಳು ಅದನ್ನು ಸುಲಭಕ್ಕೆ ಬಿಟ್ಟುಕೊಡುತ್ತಾಳೆಯೇ?

ಆದರೆ ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಸಂಜೆ ನಡೆದದ್ದಕ್ಕೆ ಇವತ್ತಿಗೂ ನನ್ನ ಹತ್ತಿರ ಕಾರಣವಿಲ್ಲ. ಇದ್ದರೆ ಒಂದೇ ಕಾರಣ: ನಾನು ಕದ್ದು ನೋಡಿದೆ ಎನ್ನುವುದು. ನಾನು ನೋಡಿಲ್ಲ. ನನ್ನಂಥವರ ಮನೆಯಲ್ಲಿ ಆಸ್ತಿ ಅಂತ ಇರುವುದು ಒಳ್ಳೆಯ ಹೆಸರೊಂದೇ. ಅದಕ್ಕಾಗಿ ಇದನ್ನು ನಡೆದದ್ದು ನಡೆದ ಹಾಗೆ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಮೂಡಿಗೆರೆ ಸೀಮೆಯ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಅಲ್ಲಿಗೆ ಬರುವವರು ಹೆಚ್ಚಾಗಿ ತೋಟದ ಕೆಲಸದವರು. ಯಾರಿಗೆ ಕ್ಷಯ, ಯಾವ ಹುಡುಗಿ ಯಾಕೆ ಬಂದಿದ್ದಳು, ಯಾರ ಗಂಡ ಕುಡಿತ ಬಿಡುವ ಮಾತ್ರೆ ನುಂಗುತ್ತಿದ್ದಾನೆ, ಎಲ್ಲ ಆ ಯಂತ್ರದೊಳಗಿದೆ. ಲೈನ್ ಮನೆಯಲ್ಲಿ ಒಬ್ಬರು ಕೆಮ್ಮಿದರೆ ಸಾಲಿಗೆಲ್ಲ ಕೇಳುತ್ತದೆ. ಅಲ್ಲಿ ಬೆಳೆದ ನನಗೆ ಗುಟ್ಟಿನ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಇಡೀ ಡಿಸ್ಕನ್ನು ಗೂಢಲಿಪಿಗೆ ಹಾಕಿ ಭದ್ರ ಮಾಡಿದ್ದೆ. ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ಕೀ. ಕೀ ಅಂದರೆ ಲೋಹದ್ದಲ್ಲ, ಯಂತ್ರವೇ ಹುಟ್ಟಿಸಿದ ಒಂದು ಉದ್ದದ ಸಂಖ್ಯೆ. ಅದು ಕೈತಪ್ಪಿದರೆ ನಾನಲ್ಲ, ಯಾವ ಪಂಡಿತನೂ ಒಳಗಿದ್ದದ್ದನ್ನು ಓದಲಾರ. ಕೀ ಹುಟ್ಟಿಸುವುದು, ವರ್ಷಕ್ಕೊಮ್ಮೆ ಬದಲಿಸುವುದು, ಹಳೆಯದನ್ನು ಅಳಿಸುವುದು, ಎಲ್ಲವನ್ನೂ ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಕಮಾಂಡ್ ಟೈಪ್ ಮಾಡಿ ನಡೆಸಬೇಕು. ಮೌಸಿಗೆ ಅಲ್ಲಿ ಕೆಲಸವಿಲ್ಲ.

ಆ ಕೀ ನನ್ನೊಬ್ಬಳ ಕೈಯಲ್ಲಿರುವುದು ಬೇಡ ಎಂದವಳು ನಾನೇ. ನಮ್ಮ ಎಸ್ಟೇಟಿನ ಗೋಡೌನಿಗೆ ಎರಡು ಬೀಗವಿತ್ತು. ಒಂದರ ಬೀಗದ ಕೈ ಯಜಮಾನರ ಹತ್ತಿರ, ಇನ್ನೊಂದರದು ತೋಟದ ಲೆಕ್ಕ ನೋಡುವ ರೈಟರ ಹತ್ತಿರ. ಇಬ್ಬರೂ ಬರುವವರೆಗೆ ಅಪ್ಪ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕಾಯಬೇಕು. ಒಮ್ಮೆ ನಾನು ಬೇಜಾರಿನಿಂದ, ಇಷ್ಟೊಂದು ಕಳ್ಳರ ಭಯವಾ ಎಂದು ಕೇಳಿದ್ದೆ.

"ಎರಡು ಬೀಗ ಕಳ್ಳನಿಗೆ ಅಂತ ಮಾಡಿದ್ದಲ್ಲ ಮಗಾ," ಅಂದಿದ್ದ ಅಪ್ಪ. "ನಾಳೆ ಒಂದು ಮೂಟೆ ಕಮ್ಮಿ ಬಂದ್ರೂ ಇವ್ರೇ ತೆಗ್ದಿದ್ದು ಅಂತ ಒಬ್ರ ಮೇಲೆ ಬೆರಳು ತೋರ್ಸೋ ಹಾಗಿಲ್ಲ. ಅದಕ್ಕೆ."

ಅದನ್ನೇ ನಾನು ಆಸ್ಪತ್ರೆಯಲ್ಲೂ ಮಾಡಿದೆ. ಯಂತ್ರದ ಕೀಯನ್ನು ಎರಡು ಪಾಸ್‌ವರ್ಡಿನ ಹಿಂದೆ ಇಟ್ಟೆ. ಮೊದಲನೆಯದು ನನ್ನದು, ಎರಡನೆಯದು ಸರೋಜಕ್ಕನದು. ಸರೋಜಕ್ಕ ನಮ್ಮ ಹಿರಿಯ ನರ್ಸ್. ಕೆಲಸಕ್ಕೆ ಸೇರಿದ ಮೊದಲ ದಿನ ತಮ್ಮ ಡಬ್ಬಿಯ ಕಡುಬನ್ನು ನನ್ನ ತಟ್ಟೆಗೆ ಹಾಕಿ, "ತಿನ್ನು ಮಾರಾಯ್ತಿ, ಗಾಳಿ ಬಂದ್ರೆ ಹಾರಿ ಹೋಗ್ತಿ" ಎಂದವರು. ಅಲ್ಲಿಂದ ನನಗೆ ಅಕ್ಕನೇ ಆದರು.

ಮನುಷ್ಯರು ತಾವೇ ಪಾಸ್‌ವರ್ಡ್ ಆರಿಸಿದರೆ ಮನೆದೇವರ ಹೆಸರೋ ಮಕ್ಕಳ ಹೆಸರೋ ಬಂದುಬಿಡುತ್ತದೆ. ಅದಕ್ಕೆ ಸಾವಿರಾರು ಕನ್ನಡ ಪದಗಳನ್ನು ಯಂತ್ರಕ್ಕೆ ತುಂಬಿಸಿ, ಅವುಗಳಲ್ಲಿ ಐದನ್ನು ಯಂತ್ರವೇ ಗೊತ್ತುಗುರಿಯಿಲ್ಲದೆ ಹೆಕ್ಕುವಂತೆ ಮಾಡಿದ್ದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಐದು ಪದ. ಆ ಸಲ ಕೀ ಬದಲಿಸಿದ ದಿನ ನನ್ನ ಪದಗಳು ಬಂದಾಗ ಅಕ್ಕ ಗೋಡೆಗೆ ಮುಖ ಮಾಡಿ ನಿಂತರು. ಅವರ ಸರದಿ ಬಂದಾಗ ನಾನು ನಿಂತೆ. ಕಣ್ಣ ಮುಂದೆ ಲಸಿಕೆಯ ಹಳೆಯ ಪೋಸ್ಟರ್ ಇತ್ತು. ಅವರು ಪದಗಳನ್ನು ಬಾಯಿಪಾಠ ಮಾಡಿಕೊಂಡು, ಒಂದು ಪ್ರತಿ ಬರೆದು, ಲಕೋಟೆಗೆ ಅರಗಿನ ಮುದ್ರೆ ಹಾಕಿ, ಕತ್ತರಿಯಿಂದ ಮೇಜನ್ನು ಟಕಟಕ ಬಡಿದರು. ನಾನು ತಿರುಗಿದಾಗ ಪರದೆ ಖಾಲಿ. ಲಕೋಟೆ ಚಿಕ್ಕಮಗಳೂರಿನ ಬ್ಯಾಂಕ್ ಲಾಕರಿಗೆ ಹೋಯಿತು. ಯಂತ್ರ ಓಡುತ್ತಿರುವವರೆಗೆ ಪದಗಳನ್ನು ಯಾರೂ ಹೇಳಬೇಕಾಗಿಲ್ಲ. ಆರಿ ಹೋಗಿ ಮತ್ತೆ ಶುರುವಾದರೆ ಮಾತ್ರ ಇಬ್ಬರದೂ ಬೇಕು.

ಅದಾಗಿ ಕೆಲವು ತಿಂಗಳಿಗೆ ಹೂಮಳೆ ಬಂತು. ಕಾಫಿ ಗಿಡ ಹೂಬಿಡಲು ಕಾಯುವ ಬೇಸಿಗೆಯ ಮೊದಲ ಮಳೆ. ಮಳೆಗಿಂತ ಸಿಡಿಲೇ ಜಾಸ್ತಿ. ಭಾನುವಾರ ಮಧ್ಯಾಹ್ನ ಒಂದು ಸಿಡಿಲಿಗೆ ನಮ್ಮ ಯುಪಿಎಸ್ ಸುಟ್ಟು ಯಂತ್ರ ಆಫ್ ಆಯಿತು. ಜನರೇಟರ್ ಹಾಕಿಸಿ ಶುರು ಮಾಡಿದೆ. ನನ್ನ ಪದಗಳನ್ನು ಕೊಟ್ಟೆ, ಒಪ್ಪಿತು. ಎರಡನೆಯದನ್ನು ಕೇಳುತ್ತ ನಿಂತಿತು. ಸರೋಜಕ್ಕ ರಜೆ ಹಾಕಿ ಕಳಸದಿಂದಾಚೆ, ಕುದುರೆಮುಖದ ದಾರಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ಫೋನ್ ಹತ್ತಲಿಲ್ಲ. ಭಾನುವಾರವಾದ್ದರಿಂದ ಬ್ಯಾಂಕೂ ಮುಚ್ಚಿತ್ತು. ಒಂದು ದಿನ ಕಾಗದದಲ್ಲಿ ಬರೆದುಕೊಂಡರಾಯಿತು ಎಂದು ಸುಮ್ಮನಾದೆ.

ಸಂಜೆ ಒಂದು ಎಸ್ಟೇಟಿನ ಜೀಪು ಬಂತು. ಭಾಗ್ಯ ಎನ್ನುವ ಇಪ್ಪತ್ತರ ಆಸುಪಾಸಿನ ಹುಡುಗಿ, ಜೊತೆಗೆ ಅವಳ ಅತ್ತೆ. ಕಾಲಿನ ಗಾಯ ಕೀವಾಗಿ, ನಂಜು ಮೈಗೆಲ್ಲ ಏರಿ, ಹುಡುಗಿಗೆ ಪ್ರಜ್ಞೆ ಅರ್ಧಂಬರ್ಧ. ಆ ವರ್ಷವೇ ಬಂದಿದ್ದ ನಮ್ಮ ಡಾಕ್ಟರು ಓಡಿಬಂದು ನನಗೆ ಹೇಳಿದರು: "ಹೋದ ವರ್ಷ ಇಲ್ಲೇ ಒಂದು ಇಂಜೆಕ್ಷನ್ನಿಗೆ ಇವಳ ಉಸಿರೇ ಕಟ್ಟಿತ್ತಂತೆ. ಯಾವುದು ಅಂತ ಅತ್ತೆಗೆ ಗೊತ್ತಿಲ್ಲ, ಕೊಟ್ಟ ಚೀಟಿನೂ ಇಲ್ಲ. ನಾನೀಗ ಕೊಡಬೇಕು ಅಂದ್ಕೊಂಡಿರೋದೇ ಅದಾಗಿದ್ರೆ ಮುಗೀತು. ಕೊಡದೆ ಕೂತ್ರೂ ಮುಗೀತು. ನನಗೆ ಆ ಔಷಧಿ ಹೆಸರು ಬೇಕು."

ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ರಸ್ತೆಗೆ ಮರ ಬಿದ್ದಿತ್ತು. ನಾನು ಅಕ್ಕನಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಕೊನೆಗೆ, ಆಗುವುದಿಲ್ಲ ಸಾರ್ ಎಂದು ಹೇಳಲು ಅವಳಿದ್ದ ಕೋಣೆಗೆ ಹೋದೆ. ಡಾಕ್ಟರು ಪಕ್ಕದಲ್ಲಿ ಯಾರಿಗೋ ಫೋನಿನಲ್ಲಿ ಸಲಹೆ ಕೇಳುತ್ತಿದ್ದರು. ಹುಡುಗಿ ಕಣ್ಣು ಅರೆತೆರೆದು, ಏರಿಳಿತವಿಲ್ಲದ ದನಿಯಲ್ಲಿ, ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಹೇಳುತ್ತಿದ್ದಳು: ಮೂಗುತಿ, ಜರಡಿ, ಅಂಚೆ, ಕೊಕ್ಕರೆ, ಬೂದಿ. ಸ್ವಲ್ಪ ತಡೆದು ಮತ್ತೆ ಅದೇ. ಮೂಗುತಿ, ಜರಡಿ, ಅಂಚೆ, ಕೊಕ್ಕರೆ, ಬೂದಿ.

"ಎಂತ ಹೇಳ್ತಾಳೆ ಇವಳು?" ಎಂದು ಅತ್ತೆಯನ್ನು ಕೇಳಿದೆ.

"ಜ್ವರ ತಲೆಗೇರಿದೆ ಮೇಡಂ. ತೋಟ ಬಿಟ್ಟಾಗಿಂದ ಏನೋ ಒಂದೇ ಸಮ ಬಡಬಡಿಸ್ತಾಳೆ. ಯಾರು ಕಿವಿ ಕೊಡ್ತಾರೆ? ಬದುಕಿದ್ರೆ ಸಾಕು ಅಂತ ನಾನು ಕೂತಿದೀನಿ."

ನಾನು ಯಂತ್ರದ ಕೋಣೆಗೆ ಹಿಂದಿರುಗಿದೆ. ಆ ಸಾಲು ಕಿವಿಯಲ್ಲಿ ಅಂಟಿಕೊಂಡಿತ್ತು. ಜ್ವರದ ಬಡಬಡಿಕೆಯಲ್ಲಿ ಸಾಮಾನ್ಯವಾಗಿ ಅಮ್ಮ ಬರುತ್ತಾಳೆ, ನೀರು ಬರುತ್ತದೆ, ಸತ್ತವರು ಬರುತ್ತಾರೆ. ಇದು ಹಾಗಿರಲಿಲ್ಲ. ಇದು ನನ್ನ ಪಾಲಿಗೆ ಬಂದ ಐದು ಪದಗಳ ಜಾತಿಯದ್ದು. ಹುಚ್ಚುತನ ಎಂದು ಗೊತ್ತಿತ್ತು. ಆದರೆ ಪರದೆ ಎರಡನೆಯ ಪಾಸ್‌ವರ್ಡ್ ಕೇಳುತ್ತ ನಿಂತಿತ್ತು, ನನಗೆ ಮಾಡಲು ಬೇರೇನೂ ಇರಲಿಲ್ಲ. ಟೈಪ್ ಮಾಡಿದೆ. ನಾವು ಟೈಪ್ ಮಾಡುವುದು ಅಲ್ಲಿ ಚುಕ್ಕೆಯಾಗಿಯೂ ಕಾಣುವುದಿಲ್ಲ, ಕತ್ತಲಿಗೆ ಮಾತಾಡಿದ ಹಾಗೆ. ಎಂಟರ್ ಒತ್ತಿದೆ.

ತೆರೆಯಿತು.

ಔಷಧಿಯ ಹೆಸರು ಸಿಕ್ಕಿತು. ಡಾಕ್ಟರು ಸಿರಿಂಜಿಗೆ ತುಂಬಲು ಹೊರಟಿದ್ದು ಅದನ್ನೇ. ಬೇರೆಯದನ್ನು ಕೊಟ್ಟರು. ಭಾಗ್ಯ ಉಳಿದಳು. ನಾನು ಬಹಳ ಹೊತ್ತು ಆ ಕುರ್ಚಿಯಿಂದ ಏಳಲಿಲ್ಲ. ಸಂತೋಷಕ್ಕಲ್ಲ. ಭಯಕ್ಕೆ.

ನೀವು ಆಕಸ್ಮಿಕ ಎನ್ನಬಹುದು. ಬೇರೆಯವರು ಅನ್ನಲಿ, ಆ ಯಂತ್ರ ಗೊತ್ತಿರುವ ನಾನು ಹಾಗೆನ್ನಲಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಎಲ್ಲ ತೋಟದ ಎಲ್ಲ ಗಿಡದ ಹಣ್ಣುಗಳಲ್ಲಿ ನಾನು ಮನಸ್ಸಿನಲ್ಲಿ ನೆನೆದ ಒಂದೇ ಒಂದು ಹಣ್ಣನ್ನು ನೀವು ಕಣ್ಣು ಮುಚ್ಚಿ ಕಿತ್ತು ತಂದರೂ ನಂಬಿಯೇನು, ಇದನ್ನಲ್ಲ. ಭಾಗ್ಯ ಹಿಂದೆ ನಮ್ಮಲ್ಲಿ ದಾಖಲಾಗಿದ್ದಾಗ ಆ ಪದಗಳು ಹುಟ್ಟಿಯೇ ಇರಲಿಲ್ಲ. ಆಮೇಲೆ ಅವಳು ನಮ್ಮ ಕಡೆ ಬಂದದ್ದು ಆ ಭಾನುವಾರವೇ. ಚೇತರಿಸಿಕೊಂಡ ಮೇಲೆ ಕೇಳಿದರೆ, "ನಂಗೆ ಜೀಪು ಹತ್ತಿದ್ದೂ ನೆನಪಿಲ್ಲ ಮೇಡಂ" ಎಂದಳು. ಅತ್ತೆಗೆ ಬಡಬಡಿಸಿದ್ದು ನೆನಪಿತ್ತು, ಏನೆಂದು ನೆನಪಿರಲಿಲ್ಲ.

ಸರೋಜಕ್ಕ ಮರಳಿ ಬರುವ ಹೊತ್ತಿಗೆ ಗುಡ್ಡವೆಲ್ಲ ಕಾಫಿ ಹೂವಾಗಿ ಬೆಳ್ಳಗಾಗಿತ್ತು. ಅವರು ಚೀಲ ಇಳಿಸುವ ಮೊದಲೇ ಎಲ್ಲವನ್ನೂ ಹೇಳಿದೆ. ಐದು ಪದಗಳನ್ನು ಹೇಳಿದಾಗ ಅವರ ಮುಖದ ನಗು ಹಾಗೆಯೇ ನಿಂತುಬಿಟ್ಟಿತು.

"ಹುಡುಗಿ ಉಳಿದ್ಳಲ್ಲ, ಅದು ದೊಡ್ಡದು," ಎಂದರು. ಬ್ಯಾಂಕಿನಿಂದ ಲಕೋಟೆ ತರಿಸಿದೆವು. ಮುದ್ರೆ ಒಡೆದಿರಲಿಲ್ಲ. ಅದನ್ನು ನಾನು ಎಲ್ಲರಿಗೂ ಹಿಡಿದು ತೋರಿಸಿದೆ. ಹಾಗೆ ತೋರಿಸುತ್ತಿರುವಾಗಲೇ, ಕಳ್ಳಿಯಲ್ಲದವಳು ಇಷ್ಟೊಂದು ಯಾಕೆ ತೋರಿಸುತ್ತಾಳೆ ಎಂದು ನನಗೇ ಅನ್ನಿಸಿತು.

ಡಾಕ್ಟರು ಒಂದು ವಿವರಣೆ ಕೊಟ್ಟರು. ಅಕ್ಕ ಬಾಯಿಪಾಠ ಮಾಡುವಾಗ ಗುಣುಗಿರಬೇಕು, ಅದು ನನ್ನ ಕಿವಿಗೆ ಬಿದ್ದು ಒಳಗೆಲ್ಲೋ ಉಳಿದಿರಬೇಕು. ಹುಡುಗಿ ಮತ್ತೇನೋ ತೊದಲಿದಾಗ ಗಾಬರಿಯಲ್ಲಿದ್ದ ನನ್ನ ತಲೆ ಆ ಪದಗಳನ್ನೇ ಅವಳ ಬಾಯಲ್ಲಿ ಕೇಳಿಸಿಕೊಂಡಿರಬೇಕು. ಎಷ್ಟು ನೆಮ್ಮದಿಯಾಯಿತು ಗೊತ್ತೇ? ಕಾರಣ ಸಿಕ್ಕಿತು. ನಾನು ಕದ್ದಿಲ್ಲ, ದೆವ್ವವೂ ಇಲ್ಲ. ಆ ವಾರವೆಲ್ಲ ಚೆನ್ನಾಗಿ ನಿದ್ದೆ ಮಾಡಿದೆ.

ಒಂದು ದಿನ ಕಾಫಿ ಕುಡಿಯುತ್ತ ಅದನ್ನೇ ಅಕ್ಕನಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಡಾಕ್ಟರು ಹೇಳಿದ್ದು ಚಂದ ಇದೆ ಮಾರಾಯ್ತಿ. ಆದ್ರೆ ಕೀ ಬದಲ್ಸಿದ ವಾರ ನಂಗೆ ಗಂಟಲು ಕಟ್ಟಿ ಸ್ವರವೇ ಇರ್ಲಿಲ್ಲ, ಮರ್ತ್ಯಾ? ಪೇಷೆಂಟುಗಳಿಗೆಲ್ಲ ಕೈಸನ್ನೆ ಮಾಡ್ಕಂಡು ತಿರುಗ್ತಿದ್ದೆ. ನಿನ್ನೂ ಮೇಜು ಬಡ್ದೇ ಕರ್ದಿದ್ದಲ್ವಾ? ಇನ್ನು ಗುಣುಗೋದು ಎಲ್ಲಿಂದ ಬಂತು?"

ಹೌದು. ಮೇಜು ಬಡಿದೇ ಕರೆದಿದ್ದರು.

"ತಿರುಗಿ ನೋಡಿದ್ಯಾ?" ಎಂದರು, ಬಹಳ ಮೆತ್ತಗೆ. "ನೋಡಿದ್ರೂ ನಾನೆಂತ ಹೇಳಲ್ಲ. ಒಂದು ಜೀವ ಉಳೀತು."

"ಇಲ್ಲ ಅಕ್ಕ. ಅಪ್ಪನ ಆಣೆ ನೋಡಿಲ್ಲ."

ಆಣೆ ಇಡುವವಳಲ್ಲ ನಾನು. ಅವತ್ತು ಇಟ್ಟೆ. ಅವರು "ಸರಿ" ಎಂದರು. ಆ 'ಸರಿ'ಯೊಳಗೆ ಏನಿತ್ತು ಎನ್ನುವುದು ನನಗೆ ಇಂದಿಗೂ ತಿಳಿದಿಲ್ಲ. ಅವರು ಬಡಿಸುವುದನ್ನು ಬಿಟ್ಟಿಲ್ಲ, ಬೈಯುವುದನ್ನೂ ಬಿಟ್ಟಿಲ್ಲ. ಆದರೂ ಎರಡು ಬೀಗದ ಕೈಯೂ ಒಬ್ಬಳ ಸೊಂಟದಲ್ಲಿ ಸಿಕ್ಕಿದ ಮೇಲೆ ಗೋಡೌನಿನ ಬಾಗಿಲು ಮೊದಲಿನ ಬಾಗಿಲಲ್ಲ.

ಅವತ್ತೇ ಕೀ ಬದಲಿಸಿದೆವು. ಹಳೆಯದನ್ನು ಒಂದು ಸಾಲಿನ ಕಮಾಂಡಿನಿಂದ ಅಳಿಸಿ ಹಾಕಿದೆ, ಅದಕ್ಕೇ ಆ ಪದಗಳನ್ನು ಇಲ್ಲಿ ಧೈರ್ಯವಾಗಿ ಬರೆದಿದ್ದೇನೆ. ಅಕ್ಕನ ಸರದಿ ಬಂದಾಗ ನಾನು ಗೋಡೆಗೆ ಮುಖ ಮಾಡಲಿಲ್ಲ. ಬಾಗಿಲೆಳೆದುಕೊಂಡು ಹೊರಗೆ ಹೋಗಿ, ಅಂಗಳದಾಚೆ ಜೀಪು ನಿಲ್ಲಿಸುವ ಕಡೆ ನಿಂತೆ.

ಈಗಲೂ ವರ್ಷಕ್ಕೊಮ್ಮೆ ಹಾಗೇ ಮಾಡುತ್ತೇನೆ. ಒಳಗೆ ಮೇಜು ಬಡಿದರೆ ಅಲ್ಲಿಗೆ ಕೇಳುವುದಿಲ್ಲ. ಕೆಲಸ ಮುಗಿದ ಮೇಲೆ ಸರೋಜಕ್ಕ ತಾವೇ ನಡೆದು ಬಂದು ನನ್ನ ಹೆಗಲು ಮುಟ್ಟುತ್ತಾರೆ. ಅಲ್ಲಿಯವರೆಗೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿರುತ್ತೇನೆ. ಅಷ್ಟು ದೂರಕ್ಕೆ ಅಕ್ಕನ ದನಿ ಬರಲಾರದು. ಹಾಗಾದರೆ ಯಾರ ದನಿಗೆ ಕಿವಿ ಮುಚ್ಚಿಕೊಳ್ಳುತ್ತೇನೆ?