ಮಾದೇವಿಯ ಜೊತೆ ಪೆರಂಬೂರಿಗೆ

ಹನೂರಿನಿಂದ ಬಸ್ಸಿನಲ್ಲಿ ಕೊಳ್ಳೇಗಾಲ, ಅಲ್ಲಿಂದ ಮೈಸೂರು, ಮೈಸೂರಿನಿಂದ ಚೆನ್ನೈ ರೈಲು. ಜುಲೈ ತಿಂಗಳ ಕೊನೆಯ ವಾರ ಹೀಗೆ ಹೊರಟವರು ನಾವಿಬ್ಬರು. ನಾನು ಹನೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಜೊತೆಗಿದ್ದವಳು ಮಾದೇವಿ, ನನ್ನ ಹಳೆಯ ವಿದ್ಯಾರ್ಥಿನಿ, ಆಗಷ್ಟೇ ಪಿಯುಸಿ ಮುಗಿಸಿದ್ದಳು. ಅವಳ ತಾಯಿ ಚಿಕ್ಕತಾಯಮ್ಮ ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಇನ್ನೂರು ಮಕ್ಕಳ ಸಾಂಬಾರು ಬಿಟ್ಟು ಬರುವಂತಿರಲಿಲ್ಲ. "ನಿಮ್ ಮಡ್ಲಿಗೆ ಹಾಕಿವ್ನಿ ಮಿಸ್" ಎಂದು ಬಸ್ಸಿನ ಕಿಟಕಿಯಲ್ಲಿ ಒಂದು ಡಬ್ಬಿ ಚಿತ್ರಾನ್ನ ಕೊಟ್ಟು ಅಡುಗೆಮನೆಗೆ ಓಡಿದಳು.

ಪೆರಂಬೂರಿನಲ್ಲಿ ಕೆಲವು ಕನ್ನಡ ಕುಟುಂಬಗಳು ಸೇರಿ ನಡೆಸುವ ಸಣ್ಣದೊಂದು ಟ್ರಸ್ಟ್ ಇದೆ. ರೈಲು ಬೋಗಿ ಮಾಡುವ ಪೆಟ್ಟಿಗೆ ಕಾರ್ಖಾನೆಯಲ್ಲಿ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ಅವರು. ಗಡಿಯ ಎರಡೂ ಕಡೆಯ ಹಳ್ಳಿ ಮಕ್ಕಳಿಗೆ ನರ್ಸಿಂಗ್, ಲ್ಯಾಬ್, ಡಯಾಲಿಸಿಸ್ ಮುಂತಾದ ಓದಿಗೆ ವಿದ್ಯಾರ್ಥಿವೇತನ, ಜೊತೆಗೆ ಹಾಸ್ಟೆಲ್ ಮತ್ತು ಊಟ ಕೊಡುತ್ತಾರೆ. ಈ ವರ್ಷ ಏಳು ಮಂದಿಯನ್ನು ಸಂದರ್ಶನಕ್ಕೆ ಕರೆದಿದ್ದರು, ಜಾಗ ಮೂರು. ಮಾದೇವಿಗೆ ಇದು ಸಿಗದಿದ್ದರೆ ಗಾರ್ಮೆಂಟ್ಸ್ ವ್ಯಾನು ಕಾಯುತ್ತಿತ್ತು. ಮುಂದಿನ ತಿಂಗಳಿಂದ ಬರುತ್ತಾಳೆಂದು ಅವಳ ಚಿಕ್ಕಪ್ಪ ಹೆಸರೂ ಬರೆಸಿಬಿಟ್ಟಿದ್ದ.

ನಾನು ಸುಮ್ಮನೆ ಕೂರುವ ಪೈಕಿಯಲ್ಲ. ಅವಳಿಗೆಂದು ಎರಡು ಪುಟದ ಇಂಗ್ಲಿಷ್ ಭಾಷಣ ಬರೆದಿದ್ದೆ. ಮಾನವಸೇವೆ, ತ್ಯಾಗ, ದೇಶ ಎಲ್ಲವೂ ಅದರಲ್ಲಿತ್ತು. ಮಂಡ್ಯ ದಾಟುವಷ್ಟರಲ್ಲಿ ಆರು ಸಲ ಒಪ್ಪಿಸಲು ಹೇಳಿದೆ. ಆರನೆಯ ಸಲಕ್ಕೆ ಎದುರಿನ ಸೀಟಿನ ಅಜ್ಜಿಗೂ ಮೊದಲ ಸಾಲು ಬಾಯಿಪಾಠವಾಗಿತ್ತು.

ಬೆಳಿಗ್ಗೆ ಏಳರ ಸುಮಾರಿಗೆ ಚೆನ್ನೈ ಸೆಂಟ್ರಲ್ ಮುಟ್ಟಿದೆವು. ಇಳಿದ ಮೇಲೆ ಗೊತ್ತಾಯಿತು, ನಮ್ಮ ರೈಲು ಪೆರಂಬೂರಿನಲ್ಲೇ ಎರಡು ನಿಮಿಷ ನಿಂತಿತ್ತಂತೆ. ನಾವು ಹೊದಿಕೆ ಮಡಚುತ್ತಾ ಮುಂದೆ ಬಂದಿದ್ದೆವು. ಐದು ರೂಪಾಯಿ ಟಿಕೆಟ್ಟು ಕೊಂಡು ಎಲೆಕ್ಟ್ರಿಕ್ ರೈಲಿನಲ್ಲಿ ವಾಪಸ್ ಹೋದೆವು. ಏಳೂವರೆಗೇ ಸೆಕೆ ಎಂಥದೆಂದರೆ ಸೀರೆಯ ಸೆರಗು ಬೆನ್ನಿಗೆ ಅಂಟಿತ್ತು. ಸಮುದ್ರ ಕಾಣಲಿಲ್ಲ, ಅದರ ಉಪ್ಪು ಮಾತ್ರ ಗಾಳಿಯಲ್ಲಿತ್ತು.

ಟ್ರಸ್ಟಿನ ಬಾಗಿಲಲ್ಲೇ ಬಸವರಾಜಪ್ಪನವರು ನಿಂತಿದ್ದರು. ಪೆಟ್ಟಿಗೆ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಈಗ ಎಪ್ಪತ್ತೈದು. ತಾತನ ಕಾಲದಲ್ಲಿ ದಾವಣಗೆರೆಯಿಂದ ಬಂದ ಮನೆತನ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. "ಬರ್ರಿ ಬರ್ರಿ, ಮೊದಲು ಟಿಫನ್ ಮುಡಿಸ್ರಿ" ಎಂದು ತಿಂಡಿಗೆ ಕೂರಿಸಿದರು. ಇಡ್ಲಿ ಬಡಿಸಿದ ಅವರ ಮೊಮ್ಮಗಳಿಗೆ "ನಿನ್ನ ಹೆಸರೇನಮ್ಮ" ಎಂದು ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳಿದಳು. ತಪ್ಪೇನಿಲ್ಲ, ಇಡ್ಲಿ ಮೆತ್ತಗಿತ್ತು.

ಸಂದರ್ಶನ ಎಷ್ಟು ಗಂಟೆಗೆ, ಪ್ರಶ್ನೆ ಕೇಳುವವರು ಯಾರು ಎಂದು ವಿಚಾರಿಸಿದೆ. ಬಸವರಾಜಪ್ಪ ನಕ್ಕರು.

"ನಮಗೆ ಓಟಿಲ್ಲ ಮೇಡಂ. ಈಗ ಓದ್ತಾ ಇರೋ ಮಕ್ಕಳೇ ಮುಂದಿನವರನ್ನ ಆರಿಸೋದು. ನಾವು ಹಿಂದಿನ ಬೆಂಚಲ್ಲಿ ಕೂತು ಕಾಫಿ ಕೊಡಬೇಕು. ಅಷ್ಟೇ ನಮ್ಮ ವೇಲೆ, ನಮ್ಮ ಕೆಲಸ."

ಮೊದಲ ಕೆಲವು ವರ್ಷ ಹಿರಿಯರೇ ಆರಿಸುತ್ತಿದ್ದರಂತೆ. ಚೆನ್ನಾಗಿ ಮಾತಾಡಿದವರಿಗೆ ಕೊಟ್ಟರು, ಅವರಲ್ಲಿ ಎಷ್ಟೋ ಮಂದಿ ಮೊದಲ ವಾರ್ಡು ನೋಡಿಯೇ ಊರಿಗೆ ಹೋದರು. ಆಮೇಲೆ ಒಬ್ಬಳು ವಿದ್ಯಾರ್ಥಿನಿ ಎದ್ದು ನಿಂತು, ಯಾರು ಉಳಿಯುತ್ತಾರೆಂಬುದು ನಮಗೆ ಗೊತ್ತಾಗುತ್ತದೆ, ನಿಮಗಾಗುವುದಿಲ್ಲ ಎಂದಳಂತೆ. "ನನಗೆ ಕೋಪ ಬಂತು ಮೇಡಂ. ಆದ್ರೆ ಅವಳು ಹೇಳಿದ್ದು ಸರಿ" ಎಂದರು ಬಸವರಾಜಪ್ಪ. ದುಡ್ಡು ಕೊಟ್ಟವರು ಅಧಿಕಾರವನ್ನೂ ಬಿಟ್ಟುಕೊಟ್ಟಿದ್ದನ್ನು ನಾನು ನಮ್ಮ ಕಡೆ ಎಲ್ಲೂ ಕಂಡಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿತು. ನನ್ನ ಭಾಷಣದ ಬಗ್ಗೆ ಸಣ್ಣ ಅಳುಕೂ ಹುಟ್ಟಿತು.

ಕ್ರಮ ಹೀಗೆ: ಅಭ್ಯರ್ಥಿಗಳು ಒಂದು ಹಗಲು ಆಸ್ಪತ್ರೆಯಲ್ಲಿರಬೇಕು, ಸಂಜೆ ಬಂದು ಅಲ್ಲಿ ಕಂಡ ಒಬ್ಬ ಮನುಷ್ಯನ ಬಗ್ಗೆ ಹೇಳಬೇಕು. ಮಾದೇವಿಯ ಪಾಲಿಗೆ ತಾಂಬರಂ ಬಳಿಯ ಒಂದು ಧರ್ಮಾಸ್ಪತ್ರೆಯ ಡಯಾಲಿಸಿಸ್ ವಾರ್ಡು ಬಂತು. ಕರೆದುಕೊಂಡು ಹೋದವಳು ಟ್ರಸ್ಟಿನ ಮೂರನೇ ವರ್ಷದ ವಿದ್ಯಾರ್ಥಿನಿ ಸೆಲ್ವಿ, ತಾಳವಾಡಿ ಕಡೆಯ ಹುಡುಗಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಪಾರ್ಕ್ ಸ್ಟೇಷನ್ನಿನಿಂದ ತಾಂಬರಂ ರೈಲಿನಲ್ಲಿ ಮುಕ್ಕಾಲು ಗಂಟೆ ನಿಂತೇ ಹೋದೆವು. ಸೆಲ್ವಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ಇನ್ನೊಂದು ಕೈಯಲ್ಲಿ ನೋಟ್ಸು ಓದುತ್ತಿದ್ದಳು. ದಿನಾ ಹೀಗೇನಾ ಎಂದೆ. "ಪಳಗಿಹೋಗಿದೆ ಮಿಸ್" ಎಂದಳು.

ಜೊತೆಗೆ ಬಂದವರಿಗೆ ವಾರ್ಡಿನೊಳಗೆ ಪ್ರವೇಶವಿರಲಿಲ್ಲ. ನಾನು ಸಂಜೆ ನಾಲ್ಕರವರೆಗೆ ಹೊರಗಿನ ಹಾಲಿನಲ್ಲಿ ಫ್ಯಾನಿನ ಕೆಳಗೆ ಜಾಗಕ್ಕಾಗಿ ಜಗಳವಾಡುತ್ತಾ ಕೂತಿದ್ದೆ. ಚಿಕ್ಕತಾಯಮ್ಮನ ಚಿತ್ರಾನ್ನ ಸೆಕೆಗೆ ಹಳಸಿಹೋಗಿತ್ತು. ಕ್ಯಾಂಟೀನಿನ ಮೊಸರನ್ನಕ್ಕೆ ಉಪ್ಪು ಜಾಸ್ತಿ.

ವಾಪಸು ಬರುವಾಗ ಸೆಲ್ವಿ ಇನ್ನೊಂದು ಕೆಲಸಕ್ಕೆಂದು ಹಿಂದೆ ಉಳಿದಳು, ರೈಲಿನಲ್ಲಿ ನಾವಿಬ್ಬರೇ. ಮಾದೇವಿ ಮುಖ ಕಪ್ಪಿಟ್ಟುಕೊಂಡು ಕೂತಿದ್ದಳು. ಗಿಂಡಿ ದಾಟಿದ ಮೇಲೆ ಬಾಯಿ ಬಿಟ್ಟಳು.

ವಾರ್ಡಿನಲ್ಲಿ ಮುರುಗೇಶನ್ ಎಂಬ ಮುದುಕರಿದ್ದರಂತೆ, ಹಿಂದೆ ಆಟೋ ಓಡಿಸುತ್ತಿದ್ದವರು. ಮೆಷಿನ್ನಿಗೆ ಸಿಕ್ಕಿಸಿಕೊಂಡು ಮಲಗಿದ್ದವರು ಇವಳನ್ನು ಕರೆದು, "ಕಣ್ಣು, ಕೊಂಜಂ ತಣ್ಣಿ ಕುಡುಮ್ಮಾ" ಎಂದರು. ಗಡಿಯ ಹುಡುಗಿಗೆ ತಮಿಳು ಗೊತ್ತು. ನಮ್ಮೂರಲ್ಲಿ ನೀರು ಕೇಳಿದವರಿಗೆ ಯಾರೆಂದು ಕೂಡ ಕೇಳುವುದಿಲ್ಲ, ಚೊಂಬು ಮುಂದೆ ಮಾಡುತ್ತೇವೆ. ಮಾದೇವಿ ದೊಡ್ಡ ಲೋಟದ ತುಂಬ ತಂದುಕೊಟ್ಟಳು. ಅವರು ಗಟಗಟ ಕುಡಿದು ಇನ್ನೊಂದು ಕೇಳಿದರು. ಅದನ್ನೂ ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಸೆಲ್ವಿ ವಾರ್ಡಿನ ಕ್ರಮ ವಿವರಿಸುತ್ತಿದ್ದಾಗ ಗೊತ್ತಾಯಿತು: ಕಿಡ್ನಿ ಕೆಟ್ಟವರ ಮೈಯಿಂದ ನೀರು ಹೊರಹೋಗುವುದಿಲ್ಲ, ಅವರಿಗೆ ಇಡೀ ದಿನಕ್ಕೆ ಇಷ್ಟೇ ಎಂದು ಅಳತೆಯಿದೆ. ಹೆಚ್ಚಾದರೆ ಎದೆಗೆ ತುಂಬಿಕೊಳ್ಳುತ್ತದೆ. ಡಯಾಲಿಸಿಸ್ ಮುಗಿದ ಮೇಲೆ ತೂಕ ನೋಡಿದಾಗ ಮುರುಗೇಶನ್ ಇರಬೇಕಾದದ್ದಕ್ಕಿಂತ ಅರ್ಧ ಕೆಜಿ ಜಾಸ್ತಿ ಬಂದರು. ಕದ್ದು ಕುಡಿದಿರಾ ಎಂದು ಸಿಸ್ಟರ್ ಎಲ್ಲರೆದುರು ಬೈದರು. ಮುದುಕರು ಇವಳತ್ತ ನೋಡಲೂ ಇಲ್ಲ, ತಲೆ ತಗ್ಗಿಸಿ ಬೈಸಿಕೊಂಡರು.

"ನಂಗೆ ಬಾಯೇ ಬರ್ನಿಲ್ಲ ಮಿಸ್. ಆ ತಾತ ನನ್ನಿಂದಾಗಿ ಬೈಸ್ಕೊಂಡ್ರು" ಎಂದು ಮಾದೇವಿ ಅತ್ತಳು.

ಆ ತಾತನಿಗೆ ಈಗ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದ್ದಾರೆ, ನಡೆದುಕೊಂಡೇ ಮನೆಗೆ ಹೋದರು ಎಂದಳು. ಹಾಗಾದರೆ ಮುಗಿಯಿತು ಎಂದೆ ನಾನು. "ಇದನ್ನು ಯಾರ ಮುಂದೆಯೂ ಹೇಳಬೇಡ. ಬೇರೆ ಯಾರಾದರೂ ರೋಗಿಯ ಬಗ್ಗೆ ಹೇಳು. ಗಾರ್ಮೆಂಟ್ಸ್ ವ್ಯಾನು ನೆನಪಿರಲಿ."

ಸಂಜೆ ಆರಕ್ಕೆ ಟ್ರಸ್ಟಿನ ಹಾಲಿನಲ್ಲಿ ಸಭೆ. ಮುಂದೆ ಚಾಪೆಯ ಮೇಲೆ ಒಂಬತ್ತು ಮಂದಿ ವಿದ್ಯಾರ್ಥಿಗಳು, ಅವರ ನಡುವೆ ಸೆಲ್ವಿ. ಹಿಂದಿನ ಬೆಂಚಿನಲ್ಲಿ ಬಸವರಾಜಪ್ಪ ಮತ್ತಿತರ ಹಿರಿಯರು, ಜೊತೆಗೆ ನಾನು. ಮೊದಲು ಬಂದ ಹುಡುಗನೊಬ್ಬ ಮಾನವಸೇವೆಯಿಂದ ಶುರುಮಾಡಿದ. ಚಾಪೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನನ್ನ ಎರಡು ಪುಟವನ್ನು ಚೀಲದ ಅಡಿಗೆ ತುರುಕಿದೆ.

ಮಾದೇವಿ ನಾಲ್ಕನೆಯವಳು. ಮುರುಗೇಶನ್ ಎಂದು ಹೆಸರು ಹೇಳಿಯೇ ಶುರುಮಾಡಿದಳು. ಎರಡು ಲೋಟವನ್ನೂ ಹೇಳಿದಳು, ಅರ್ಧ ಕೆಜಿಯನ್ನೂ ಹೇಳಿದಳು. ಸೆಲ್ವಿ ಎದ್ದವಳೇ ಹೊರಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿ, ತಾತನ ಚೀಟಿಯಲ್ಲಿ ಬರೆಸಿ, ಮನೆಗೂ ವಿಚಾರಿಸಲು ಹೇಳಿ ಬಂದಳು. ಬಂದು ಕೂತು ಕೇಳಿದಳು:

"ಅಲ್ಲೇ ಯಾಕೆ ಹೇಳಲಿಲ್ಲ?"

"ಭಯ ಆಯ್ತು ಅಕ್ಕ. ಸೀಟು ಹೊಂಟೋಯ್ತದೆ ಅಂತ."

"ಈಗ ಹೇಳಿದ್ರೆ ಹೋಗಲ್ವಾ?"

"ಹೋದ್ರೆ ಹೋಯ್ತದೆ. ತಾತ ಕದ್ದಿಲ್ಲ ಅಂತ ಸಿಸ್ಟರ್‌ಗೆ ಗೊತ್ತಾಗ್ಬೇಕು."

"ನಾಳೆ ಇನ್ನೊಬ್ರು ನೀರು ಕೇಳ್ತಾರೆ. ಏನ್ ಮಾಡ್ತೀಯ?"

"ಸಿಸ್ಟರ್ನ ಕೇಳ್ತೀನಿ. ಆದ್ರೆ ಬಾಯಾರ್ದೋರಿಗೆ ಇಲ್ಲ ಅನ್ನೋದು ನಂಗೆ ಬರಕಿಲ್ಲ ಅಕ್ಕ. ಅದ ನೀವು ಯೋಳ್ಕೊಡ್ಬೇಕು."

ಹಿಂದಿನ ಬೆಂಚಿನ ಒಬ್ಬ ಹಿರಿಯರು "ಪೇಷಂಟ್ ಜೀವದ ವಿಷಯ ಇದು" ಎಂದು ಗೊಣಗಿದರು. ಬಸವರಾಜಪ್ಪ ಅವರ ಮೊಣಕಾಲು ಒತ್ತಿ, "ನಮಗೆ ಓಟಿಲ್ಲಪ್ಪಾ, ಸುಮ್ಮಾ ಇರು" ಎಂದರು.

ವಿದ್ಯಾರ್ಥಿಗಳು ಒಳಗೆ ಹೋಗಿ ಮುಕ್ಕಾಲು ಗಂಟೆ ಬರಲಿಲ್ಲ. ದನಿ ಏರುವುದು ಕೇಳಿಸುತ್ತಿತ್ತು. ಬಸವರಾಜಪ್ಪ ಎರಡನೇ ಸುತ್ತು ಕಾಫಿ ತಂದರು. ಹೊರಗೆ ಬಂದ ಸೆಲ್ವಿ ಮೂರು ಹೆಸರು ಓದಿದಳು. ಮೂರನೆಯದು ಮಾದೇವಿ. ಇವಳು ಬೇಕೆಂದು ಐದು ಜನ ಅಂದೆವು, ಬೇಡವೆಂದು ನಾಲ್ಕು ಜನ ಅಂದರು ಎಂದು ಅದನ್ನೂ ಮುಚ್ಚಿಡದೆ ಹೇಳಿದಳು. "ಮೊದಲ ವರ್ಷ ನಾನೂ ಒಂದು ತಪ್ಪು ಮಾಡಿದ್ದೆ. ಹೇಳೋಕೆ ನನಗೆ ನಾಲ್ಕು ದಿನ ಬೇಕಾಯ್ತು. ಇವಳಿಗೆ ಒಂದು ಹಗಲು ಸಾಕಾಯ್ತು." ಯಾವ ತಪ್ಪು ಎಂದು ಯಾರೂ ಕೇಳಲಿಲ್ಲ.

ಆರಿಸಿದವರೇ ತಾಯಿಗೆ ಫೋನ್ ಮಾಡುವುದು ಅಲ್ಲಿನ ಪದ್ಧತಿ. ಸೆಲ್ವಿ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಚಿಕ್ಕತಾಯಮ್ಮ, "ನೀರು ಕೇಳ್ದೋರ್ಗೆ ಕೊಡ್ಬ್ಯಾಡಿ ಅನ್ನೋದು ಅದ್ಯಾವ ಓದವ್ವಾ?" ಎಂದಳು. ಮಾದೇವಿ ಫೋನ್ ಇಸಿದುಕೊಂಡು, "ಕೊಡ್ತಾರೆ ಕನವ್ವ, ಅಳ್ದು ಕೊಡ್ತಾರೆ" ಎಂದಳು. ಅಷ್ಟು ಹೊತ್ತು ಬಿಗಿದುಕೊಂಡಿದ್ದ ನನಗೆ ಆಗ ಅಳು ಬಂತು, ಅತ್ತೆ.

ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ಹೆಸರು ಬರೆಸಿದ್ದಾಯಿತು. ಕೊನೆಯ ದಿನಾಂಕ ಹತ್ತಿರವಿದ್ದುದರಿಂದ ಮಾದೇವಿ ಅಲ್ಲೇ ಉಳಿಯುವುದೆಂದು ತೀರ್ಮಾನವಾಯಿತು. ಬಸವರಾಜಪ್ಪನವರ ಹೆಂಡತಿ ಪುರಸೈವಾಕ್ಕಂ ಪೇಟೆಗೆ ಕರೆದೊಯ್ದು ಬಿಳಿ ಕೋಟು, ಕಪ್ಪು ಶೂ, ಬಕೆಟ್ಟು, ದಿಂಬು ಕೊಡಿಸಿದರು. ತಮಿಳರ ಆಷಾಢವಾದ ಆಡಿ ತಿಂಗಳ ರಿಯಾಯಿತಿಯೆಂದು ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಯವನ ಜೊತೆ ಆಕೆ ಚೌಕಾಸಿ ಮಾಡಿದ್ದು ನೋಡಿ ನಾನೇ ಶಿಷ್ಯತ್ವ ವಹಿಸೋಣವೆಂದುಕೊಂಡೆ. ಅಷ್ಟರಲ್ಲಿ ಸೆಲ್ವಿಯ ಫೋನು ಬಂತು. ಮುರುಗೇಶನ್ ಕ್ಷೇಮವಾಗಿದ್ದಾರೆ, ಸಿಸ್ಟರ್ ಅವರಲ್ಲಿ ಕ್ಷಮೆ ಕೇಳಿದರಂತೆ.

ಮೂರೂವರೆಯ ಬೆಂಗಳೂರು ರೈಲಿಗೆ ಸೆಂಟ್ರಲ್ಲಿನಲ್ಲಿ ಹತ್ತಿದೆ. ಮಾದೇವಿ ಕಿಟಕಿಯ ಹೊರಗೆ ನಿಂತಿದ್ದಳು. ಅವ್ವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದಳು, ರೈಲು ಇನ್ನೂ ಹೊರಟಿರಲಿಲ್ಲ. ಸರಳಿನ ಹತ್ತಿರ ಬಂದು ದನಿ ತಗ್ಗಿಸಿದಳು.

"ಮಿಸ್, ನೀವು ರೈಲ್ನಲ್ಲಿ ಯೋಳ್ಬ್ಯಾಡ ಅಂದ್ರಲ್ಲ, ಅದ ನಾನು ಅವ್ರಿಗೆ ಯೋಳ್ನಿಲ್ಲ."

ಮಿಸ್ ಮರ್ಯಾದೆ ಕಾಯ್ದಿದ್ದೇನೆಂಬ ಸಮಾಧಾನ ಅವಳ ಮುಖದಲ್ಲಿತ್ತು. ರೈಲು ಜಗ್ಗಿತು, ಅವಳು ಕೈ ಬೀಸಿದಳು. ಪೆರಂಬೂರು ದಾಟುವಾಗ ಬಾಗಿಲಿಗೆ ಹೋಗಿ ನಿಂತೆ. ಪೆಟ್ಟಿಗೆ ಕಾರ್ಖಾನೆಯ ಉದ್ದನೆಯ ಗೋಡೆ ಕಂಡಿತು, ಟ್ರಸ್ಟಿನ ಮನೆ ಕಾಣಲಿಲ್ಲ. ಅವಳು ಹೇಳದೆ ಬಿಟ್ಟದ್ದನ್ನು ಊರಿಗೆ ಹೋದ ಮೇಲೆ ನಾನೇ ಬರೆಯಬೇಕೆಂದು ಅಲ್ಲೇ ನಿಶ್ಚಯಿಸಿದೆ. ಈಗ ಬರೆದಿದ್ದೇನೆ.